ಕಾಯಿಲೆ ಇಲ್ಲಿ, ಹಸು ಮಂಡ್ಯದಲ್ಲಿ

ಬೆಂಗಳೂರಿನ ಹಸುಗಳು ಪುಣ್ಯ ಮಾಡಿವೆ. ಯಲಹಂಕದಲ್ಲಿ ನಿವೇದಿ ಅಂತ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ. ದೇಶದ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರಬಹುದು ಅಂತ ಅಲ್ಲಿನವರು ಎರಡು ತಿಂಗಳು ಮೊದಲೇ ಲೆಕ್ಕ ಹಾಕಿ ಹೇಳುತ್ತಾರೆ. ಹವಾಮಾನ ನೋಡುತ್ತಾರೆ, ಹಿಂದೆ ರೋಗ ಬಂದ ದಾಖಲೆ ನೋಡುತ್ತಾರೆ. ಒಳ್ಳೆ ಕೆಲಸವೇ. ಆದರೆ ಆ ದಾಖಲೆ ಹೋಗಬೇಕಾದದ್ದು ಕೆಳಗಿನಿಂದ. ಕೆಳಗೆ ನಾವಿದ್ದೇವೆ.

ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯೋಕೆ ಮಾಡಿದ 2009ರ ಕಾಯ್ದೆ ಪ್ರಕಾರ, ಹಸುವಿಗೆ ಸಾಂಕ್ರಾಮಿಕ ರೋಗದ ಗುಮಾನಿ ಬಂದರೆ ಸಾಕಿದವರು ಗ್ರಾಮಾಧಿಕಾರಿಗೋ ಪಂಚಾಯಿತಿಗೋ ತಿಳಿಸಬೇಕು. ಅವರು ಹತ್ತಿರದ ಪಶುವೈದ್ಯರಿಗೆ ಬರೆದು ತಿಳಿಸಬೇಕು. ನಮ್ಮ ಬೀದಿಗೆ ಹಾಲು ಹಾಕುವ ಅಕ್ಕನ ಊರನ್ನು ಬೆಂಗಳೂರು ನುಂಗಿ ಎಷ್ಟೋ ವರ್ಷ ಆಯ್ತು. ಗೋಮಾಳದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ, ಕೆರೆ ಲೇಔಟ್ ಆಗಿದೆ. ಪಂಚಾಯಿತಿಯನ್ನು ಎಲ್ಲಿಂದ ಹುಡುಕಿ ತರೋದು?

ಅಕ್ಕನ ಹಸುವಿನ ಕುತ್ತಿಗೆ ಮೇಲೆ ಗಂಟು ಎದ್ದವು. ಜ್ವರ, ಮೇವು ಮುಟ್ಟಲಿಲ್ಲ. ಅಕ್ಕ ಪಶು ಇಲಾಖೆ ಕಚೇರಿಗೆ ಹೋದರು.

‘ಕಿವಿ ಓಲೆ ನಂಬರ್ ಹೇಳಮ್ಮ.’

ಹಸುವಿನ ಕಿವಿಗೆ ಹಾಕುವ ಗುರುತಿನ ಓಲೆಯ ನಂಬರ್ ಅದು, ಹನ್ನೆರಡು ಅಂಕಿ. ಸಗಣಿ ಮೆತ್ತಿದ ಹಳದಿ ಓಲೆಯನ್ನು ಸೆರಗಲ್ಲಿ ಒರೆಸಿ, ಮಗನ ಕೈಲಿ ಫೋಟೊ ತೆಗೆಸಿಕೊಂಡು ಹೋಗಿದ್ದರು. ಕಂಪ್ಯೂಟರ್ ಮುಂದಿದ್ದವರು ಒಂದೊಂದೇ ಅಂಕಿ ಒತ್ತಿದರು.

‘ಈ ಹಸು ಮಂಡ್ಯದಲ್ಲಿದೆಯಲ್ಲಮ್ಮ!’

‘ಅಲ್ಲಿಂದ ಕೊಂಡ್ಕೊಂಡ್ ಬಂದಿದ್ದು ಸಾರ್. ಈಗ ನಮ್ಮ ಕೊಟ್ಟಿಗೇಲಿದೆ.’

‘ಹಸು ನಿಮ್ಮ ಕೊಟ್ಟಿಗೇಲಿರಬಹುದು. ದಾಖಲೆ ಅಲ್ಲಿದೆ. ಕಾಯಿಲೆನೂ ಅಲ್ಲೀದೇ ಆಗುತ್ತೆ.’

ಮಾಲೀಕರ ಹೆಸರು ಬದಲಿಸೋಣ ಅಂದರೆ ಒಟಿಪಿ ಹಳೇ ಮಾಲೀಕನ ಫೋನಿಗೆ ಹೋಗುತ್ತದಂತೆ. ಅವನು ಗದ್ದೆಯಲ್ಲಿದ್ದ. ಸಿಗ್ನಲ್ ಇಲ್ಲ.

ಚರ್ಮಗಂಟು ರೋಗ ಹರಡೋದು ನೊಣ, ಸೊಳ್ಳೆ, ಉಣ್ಣೆಗಳಿಂದ. ಅವಕ್ಕೆ ಒಟಿಪಿ ಬೇಕಿಲ್ಲ. ಅಕ್ಕ ಕಚೇರಿಗೆ ಅಲೆಯುತ್ತಿದ್ದಾಗಲೇ ಪಕ್ಕದ ಮನೆ ಕರುವಿಗೂ ಗಂಟು ಬಂತು. ಕೊನೆಗೆ ಡಾಕ್ಟರು ಬಂದು ನೋಡಿದರು. ಪಾಪ, ಅವರ ಹೆಗಲ ಮೇಲೆ ಇನ್ನೆರಡು ಆಸ್ಪತ್ರೆಗಳ ಚಾರ್ಜು. ಇಂಜೆಕ್ಷನ್ ಕೊಟ್ಟರು, ಹಸುವನ್ನು ಬೇರೆ ಕಟ್ಟಿ ಅಂದರು. ಇರೋದು ಒಂದೇ ಶೀಟಿನ ಕೊಟ್ಟಿಗೆ. ಅಕ್ಕ ಹಸುವನ್ನು ಬಿಟ್ಟು ಸ್ಕೂಟರನ್ನು ಬೇರೆ ಕಡೆ ನಿಲ್ಲಿಸಿದರು.

ತಿಂಗಳ ಕೊನೆಗೆ ನಮ್ಮ ಕಡೆಯಿಂದ, ರೋಗ ಏನೂ ಇಲ್ಲ ಅಂತ, ನಿಲ್ ರಿಪೋರ್ಟ್ ಹೋಯಿತು. ಅದು ಮಾತ್ರ ಒಂದು ದಿನವೂ ತಡ ಆಗಲಿಲ್ಲ ನೋಡಿ. ಇನ್ನು ಮುಂದಿನ ವರ್ಷದ ಲೆಕ್ಕ ಹಾಕುವವರು ಪಾಪ ಏನು ಮಾಡ್ತಾರೆ? ದಾಖಲೆ ನೋಡ್ತಾರೆ. ಬೆಂಗಳೂರಿಗೆ ಏನೂ ಭಯ ಇಲ್ಲ ಅಂತಾರೆ.

ಮೊನ್ನೆ ಅಕ್ಕನಿಗೆ ಹಳೇ ಮಾಲೀಕನಿಂದಲೇ ಫೋನು ಬಂತು.

‘ಅಕ್ಕಾ, ನಮ್ ಹಸೀಗೆ ಗಂಟ್ ರೋಗ ಅಂತ ಡಾಕ್ಟ್ರು, ಇನ್ನಿಬ್ರು ಬಂದು ಜಗಲಿ ಮೇಲೆ ಕೂತವ್ರೆ. ಹಸ ತೋರ್ಸು ಅಂತಾವ್ರೆ. ಏನ್ ಹೇಳ್ಲಿ?’