ಹಳೇ ಟ್ಯಾಗ್ ಹೋಗಿ ಹೊಸ ಟ್ಯಾಗ್ ಬಂದಾಗ

ಕಂಪನಿಗಳ ಹಣಕಾಸು ವರದಿಯ ಅಂಕಿಗಳಿಗೆ ಟ್ಯಾಗ್ ಹಾಕೋದು ನಮ್ಮ ಕೆಲಸ. ಪ್ರತಿ ವರ್ಷ ಹೊಸ ಟ್ಯಾಕ್ಸಾನಮಿ, ಅಂದ್ರೆ ಟ್ಯಾಗ್‌ಗಳ ಹೊಸ ಪಟ್ಟಿ, ಬಂದ ತಕ್ಷಣ ನಮ್ಮ ಫೀಲ್ಡಲ್ಲಿ ಅದೇ ಮಾತು ಶುರುವಾಗುತ್ತೆ, "ಈ ಸಲ ಪೂರ್ತಿ ಆಟೊಮೇಟ್ ಮಾಡಿಬಿಡೋಣ, ಒಂದೊಂದೇ ಟ್ಯಾಗ್ ಕೂತು ನೋಡೋದು ಯಾವ ಕಾಲದ ಕೆಲಸ" ಅಂತ. ನಾನೂ ಆಟೊಮೇಷನ್ ಪರವೇ. ಸಾವಿರಾರು ಸಾಲಿನ ಪಟ್ಟಿ ಇಟ್ಕೊಂಡು ರಾತ್ರಿಯೆಲ್ಲ ಹಳೇದು ಹೊಸದು ತಾಳೆ ನೋಡಿ ಕಣ್ಣು ಉರಿಸಿಕೊಂಡಿರೋಳು ನಾನು, ಆ ಕೆಲಸ ಮಷೀನ್‌ಗೆ ಹೋದ್ರೆ ನನಗಿಂತ ಖುಷಿಪಡೋರು ಯಾರೂ ಇಲ್ಲ. ಆದ್ರೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲದ ಸ್ಕ್ರಿಪ್ಟ್ ಎಷ್ಟು ಹಾನಿ ಮಾಡುತ್ತೆ ಅಂತ ಹತ್ತಿರದಿಂದ ನೋಡಿದ್ದೀನಿ, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಈ ಕೆಲಸದ ಪರಿಚಯ ಇಲ್ಲದೋರಿಗೆ ಎರಡು ಮಾತು. ಕಂಪನಿಗಳ ಹಣಕಾಸು ವರದಿ ಈಗ ಬರೀ ಓದೋ ಕಾಗದ ಅಲ್ಲ, ಅದರಲ್ಲಿರೋ ಒಂದೊಂದು ಅಂಕಿಗೂ ಕಂಪ್ಯೂಟರ್ ಓದೋಕೆ ಅಂತ ಒಂದು ಟ್ಯಾಗ್ ಅಂಟಿಸಿರ್ತಾರೆ, ಇದು ಆದಾಯ, ಇದು ಸಾಲ, ಇದು ಕೈಯಲ್ಲಿರೋ ನಗದು ಅಂತ. ಇದರ ಭಾಷೆ ಎಕ್ಸ್‌ಬಿಆರ್‌ಎಲ್. ಅಮೆರಿಕದ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಎಸ್‌ಇಸಿ 2009ರಲ್ಲಿ ದೊಡ್ಡ ಕಂಪನಿಗಳಿಂದ ಶುರುಮಾಡಿ ಇದನ್ನ ಕಡ್ಡಾಯ ಮಾಡ್ತು, ಯುರೋಪಲ್ಲೂ ಲಿಸ್ಟೆಡ್ ಕಂಪನಿಗಳಿಗೆ ಇಸೆಫ್ ಅಂತ ಇಂಥದ್ದೇ ನಿಯಮ ಬಂತು. ಟ್ಯಾಗ್‌ಗಳ ನಿಘಂಟೇ ಟ್ಯಾಕ್ಸಾನಮಿ. ಅಮೆರಿಕದ ಲೆಕ್ಕದ ನಿಯಮ ಯುಎಸ್ ಗ್ಯಾಪ್‌ದನ್ನ, ಆ ನಿಯಮ ಮಾಡೋ ಮಂಡಳಿ ಎಫ್‌ಎಎಸ್‌ಬಿಯೇ ನೋಡ್ಕೊಳ್ಳುತ್ತೆ, ಬೇರೆ ಎಷ್ಟೋ ದೇಶಗಳು ಬಳಸೋ ಐಎಫ್‌ಆರ್‌ಎಸ್ ನಿಯಮಗಳದ್ದನ್ನ ಐಎಫ್‌ಆರ್‌ಎಸ್ ಫೌಂಡೇಶನ್. ಲೆಕ್ಕದ ನಿಯಮ ಬದಲಾದ ಹಾಗೆ ನಿಘಂಟೂ ಬದಲಾಗುತ್ತೆ, ಕೆಲವು ಟ್ಯಾಗ್ ಹೊಸದಾಗಿ ಬರುತ್ತೆ, ಕೆಲವಕ್ಕೆ ಡೆಪ್ರಿಕೇಟೆಡ್, ಅಂದ್ರೆ ಇನ್ನು ಬಳಸಬೇಡಿ, ಅಂತ ಮುದ್ರೆ ಬೀಳುತ್ತೆ.

2018ರಲ್ಲಿ ಆದಾಯದ ಹೊಸ ನಿಯಮ, ಟಾಪಿಕ್ 606, ಜಾರಿಗೆ ಬಂದ ಹೊತ್ತಲ್ಲಿ ಸೇಲ್ಸ್ ರೆವೆನ್ಯೂ ನೆಟ್ ಅನ್ನೋ ಟ್ಯಾಗ್ ಹೋಯ್ತು. ಎಷ್ಟೋ ಕಂಪನಿಗಳು ವರ್ಷಗಟ್ಟಲೆ ಬಳಸ್ತಿದ್ದ ಟ್ಯಾಗ್ ಅದು. ಅದರ ಜಾಗಕ್ಕೆ 'ರೆವೆನ್ಯೂ ಫ್ರಮ್ ಕಾಂಟ್ರಾಕ್ಟ್ ವಿತ್ ಕಸ್ಟಮರ್' ಅಂತ ಶುರುವಾಗೋ ಟ್ಯಾಗ್ ಹಾಕು ಅಂತ ನಮ್ಮ ಸ್ಕ್ರಿಪ್ಟಲ್ಲಿ ಒಂದು ಸಾಲು ಬರೆದಿದ್ವಿ. ಒಂದಾದ್ಮೇಲೆ ಒಂದು ವರದಿ ಸಲೀಸಾಗಿ ಹೋಯ್ತು. ಆಮೇಲೆ ಬಂತು ಒಂದು ಕಂಪನಿ, ಯಂತ್ರಗಳ ಸರ್ವಿಸೂ ಮಾಡೋರು, ಯಂತ್ರಗಳನ್ನ ಬಾಡಿಗೆಗೂ ಕೊಡೋರು. ಬಾಡಿಗೆ ಆದಾಯ ಲೀಸ್ ನಿಯಮದ ಕೆಳಗೆ ಬರುತ್ತೆ, 606ರ ಕೆಳಗೆ ಅಲ್ಲ. ಅಂದ್ರೆ ಅವರ ಒಟ್ಟು ಆದಾಯಕ್ಕೆ ಬರಬೇಕಿದ್ದಿದ್ದು ಬರೀ 'ರೆವೆನ್ಯೂಸ್' ಅನ್ನೋ ಟ್ಯಾಗ್. ಸ್ಕ್ರಿಪ್ಟ್ ತನ್ನ ಪಾಡಿಗೆ ಎರಡನ್ನೂ ಸೇರಿಸಿ ಗ್ರಾಹಕರ ಒಪ್ಪಂದದ ಆದಾಯ ಅಂತ ಟ್ಯಾಗ್ ಹಾಕಿಬಿಟ್ಟಿತ್ತು. ತಪ್ಪು ಹುಡುಕೋ ಸಾಫ್ಟ್‌ವೇರ್ ವ್ಯಾಲಿಡೇಟರ್ ಓಡಿಸಿದ್ರೆ ಸೊನ್ನೆ ಎರರ್, ಸೊನ್ನೆ ವಾರ್ನಿಂಗ್. ಯಾಕೆ ಬರಬೇಕು ಹೇಳಿ, ಎರಡೂ ಟ್ಯಾಗ್ ಹಣದ ಮೊತ್ತವೇ, ಎರಡೂ ಕ್ರೆಡಿಟ್ಟೇ, ಎರಡೂ ಒಂದು ಅವಧಿಗೆ ಸೇರಿದ್ದೇ, ಮಷೀನ್ ಕಣ್ಣಿಗೆ ಎಲ್ಲ ಸರಿಯಾಗೇ ಇತ್ತು. ಫೈಲಿಂಗ್ ಹಿಂದಿನ ಸಂಜೆ ವರದಿಯ ಟಿಪ್ಪಣಿ ಓದ್ತಾ "ಗ್ರಾಹಕರ ಒಪ್ಪಂದದ ಆದಾಯದಲ್ಲಿ ಬಾಡಿಗೆ ಆದಾಯ ಸೇರಿಲ್ಲ" ಅನ್ನೋ ಥರದ ಒಂದು ವಾಕ್ಯ ಕಣ್ಣಿಗೆ ಬಿತ್ತು, ವಾಪಸ್ ಹೋಗಿ ಒಟ್ಟು ಆದಾಯದ ಅಂಕಿ ಮೇಲೆ ಕ್ಲಿಕ್ ಮಾಡಿ ಟ್ಯಾಗ್ ನೋಡಿದಾಗ ಎದೆ ಧಸಕ್ ಅಂತು. ಆ ಒಂದು ವಾಕ್ಯ ಓದದೆ ಇದ್ದಿದ್ರೆ ಅದು ಹಾಗೇ ಹೋಗ್ತಿತ್ತು.

ಆಮೇಲೆ ಕೂತು ನೋಡಿದಾಗ ನನಗೆ ಹೆಚ್ಚು ನೋವಾಗಿದ್ದು ಬೇರೆ ವಿಷಯಕ್ಕೆ. ಯುಎಸ್ ಗ್ಯಾಪ್ ಟ್ಯಾಕ್ಸಾನಮಿ ಜೊತೆಗೇ ಡೆಪ್ರಿಕೇಟ್ ಆದ ಟ್ಯಾಗ್‌ಗಳ ಸಂಬಂಧ ಹೇಳೋ ಒಂದು ಫೈಲ್ ಬರುತ್ತೆ, ಮಷೀನ್ ಓದಬಹುದಾದ ಫೈಲು, ಮತ್ತೆ ಅದು ಸಂಬಂಧ ಯಾವ ಥರದ್ದು ಅಂತಾನೂ ಹೇಳುತ್ತೆ. ಹಳೇದೊಂದಕ್ಕೆ ಹೊಸದೊಂದು ಅನ್ನೋದು ಒಂದು ಥರ. ಹಳೇ ಟ್ಯಾಗ್ ಒಡೆದು ಹಲವು ಭಾಗ ಆಗಿರೋದು ಇನ್ನೊಂದು. ಹಲವು ಸೇರಿ ಒಂದಾಗಿರೋದು, ಇದಾದ್ರೆ ಅದಲ್ಲ ಅದಾದ್ರೆ ಇದಲ್ಲ ಅಂತ ಆರಿಸಿಕೊಳ್ಳಬೇಕಾದ್ದು, ಬೇರೆ ಟ್ಯಾಗ್ ಬದಲು ಡೈಮೆನ್ಷನ್, ಅಂದ್ರೆ ಟ್ಯಾಗ್‌ಗೆ ಜೋಡಿಸೋ ಹೆಚ್ಚುವರಿ ವಿವರ, ಹಾಕಿ ಹೇಳಬೇಕಾದ್ದು, ಎಲ್ಲಕ್ಕೂ ಬೇರೆಬೇರೆ ಗುರುತಿದೆ. ಇಷ್ಟು ವಿವರ ಕೈಯಲ್ಲಿದ್ರೂ ನಾವು ಎಲ್ಲವನ್ನೂ ಒಂದೇ ಎರಡು ಕಾಲಂ ಟೇಬಲ್‌ಗೆ ಇಳಿಸಿ, ಎಡಗಡೆ ಹಳೇದು ಬಲಗಡೆ ಹೊಸದು ಅಂತ ಮಾಡಿ ಓಡಿಸಿದ್ವಿ. ಬದಲಾವಣೆ ಟಿಪ್ಪಣಿಯಲ್ಲಿ ಎಫ್‌ಎಎಸ್‌ಬಿ ಬಳಸೋ ಮಾತೇ 'ಪಾಸಿಬಲ್ ರಿಪ್ಲೇಸ್‌ಮೆಂಟ್' ಅಂತ, ಆಗಬಹುದು ಅಂತಷ್ಟೇ. ಆ 'ಬಹುದು'ನ ನಾವು 'ಆಗಲೇಬೇಕು' ಮಾಡಿದ್ವಿ.

ಹಾಗಾಗಿ ನನ್ನ ಅಭಿಪ್ರಾಯ ಇದು. ಎರಡು ವರ್ಷದ ಟ್ಯಾಕ್ಸಾನಮಿ ಹೋಲಿಸೋದು, ನಮ್ಮ ವರದಿಯಲ್ಲಿ ಯಾವ ಟ್ಯಾಗ್‌ಗೆ ಪೆಟ್ಟು ಬಿದ್ದಿದೆ ಅಂತ ಹುಡುಕೋದು, ಡೆಬಿಟ್ ಕ್ರೆಡಿಟ್ ಅಥವಾ ಅವಧಿಯ ಗುಣ ಹೊಂದದೇ ಇದ್ರೆ ತಡೆಯೋದು, ಲೇಬಲ್, ಅಂದ್ರೆ ನಾವು ಓದೋ ಟ್ಯಾಗ್ ಹೆಸರು, ಅಷ್ಟೇ ಬದಲಾಗಿದ್ರೆ ತಿದ್ದಿ ಮುಂದೆ ಹೋಗೋದು, ಹೋದ ವರ್ಷದ ವರದಿಯನ್ನ ಹೊಸ ನಿಘಂಟಲ್ಲಿ ಮತ್ತೆ ಓಡಿಸಿ ನೋಡೋದು, ಇದೆಲ್ಲ ಕಣ್ಣು ಮುಚ್ಚಿ ಮಷೀನ್‌ಗೆ ಕೊಡಿ. ಇದಕ್ಕೆ ಮನುಷ್ಯರನ್ನ ಕೂರಿಸೋದು ಅನ್ಯಾಯ. ಒಂದಕ್ಕೊಂದು ಅಲ್ಲದ ಯಾವ ಬದಲಾವಣೆ ಬಂದ್ರೂ ಮಾತ್ರ ಮಷೀನ್ ಅಲ್ಲೇ ನಿಂತು ನಮ್ಮನ್ನ ಕೇಳಬೇಕು. ತಾನೇ ಊಹೆ ಮಾಡಿ ಮುಂದೆ ಹೋಗಬಾರದು. ಲೇಬಲ್ ಹೋಲಿಕೆ ನೋಡಿ ಟ್ಯಾಗ್ ಸೂಚಿಸೋ ಹೊಸ ಎಐ ಟೂಲ್‌ಗಳಿಗೂ ಇದೇ ಮಾತು, ಸೂಚಿಸಲಿ ಬೇಡ ಅನ್ನಲ್ಲ, ಒಪ್ಪಿಗೆಯ ಬಟನ್ ಅದರ ಕೈಯಲ್ಲಿ ಇರಬಾರದು.

"ತಡ ಆಗುತ್ತಲ್ಲ ಮೇಡಂ" ಅಂತಾರೆ. ಆಗುತ್ತೆ. ಆದ್ರೆ ತಪ್ಪು ಟ್ಯಾಗ್ ಒಂದು ಫೈಲಿಂಗಲ್ಲಿ ಮುಗಿಯಲ್ಲ, ಅದನ್ನ ಎತ್ತಿಕೊಂಡು ಹೋಗೋ ಡೇಟಾ ಕಂಪನಿ, ವಿಶ್ಲೇಷಣೆ ಮಾಡೋರು, ಪಾಠ ಮಾಡೋ ಮೇಷ್ಟ್ರು, ಎಲ್ಲರ ಟೇಬಲ್‌ಗೂ ಹೋಗಿ ಕೂರುತ್ತೆ. ಸೇಲ್ಸ್ ರೆವೆನ್ಯೂ ನೆಟ್ ಒಂದನ್ನೇ ನಂಬಿ ಗ್ರಾಫ್ ಹಾಕಿದ್ರೆ ಚೆನ್ನಾಗಿ ನಡೀತಿರೋ ಕಂಪನಿಯ ಆದಾಯವೂ 2018ರ ಹತ್ತಿರ ಪಟ್ ಅಂತ ನಿಂತು ಹೋದ ಹಾಗೆ ಕಾಣುತ್ತೆ, ಡೇಟಾ ಕೆಲಸ ಕಲಿಯೋಕೆ ಬಂದ ಹುಡುಗರು ಇದೇ ಪ್ರಶ್ನೆ ಇಟ್ಕೊಂಡು ಬರ್ತಾರೆ ನನ್ನ ಹತ್ರ.

ಇನ್ನು ಮುಂದೆ ಬರ್ತಿರೋದು ಇನ್ನೂ ಸೂಕ್ಷ್ಮ. ಐಎಫ್‌ಆರ್‌ಎಸ್ 18 ಅನ್ನೋ ಹೊಸ ಸ್ಟ್ಯಾಂಡರ್ಡ್ 2024ರ ಏಪ್ರಿಲಲ್ಲಿ ಬಂತು, 2027ರ ಜನವರಿ 1ರಿಂದ ಶುರುವಾಗೋ ವರ್ಷಗಳಿಗೆ ಅನ್ವಯ. ಆಪರೇಟಿಂಗ್ ಪ್ರಾಫಿಟ್ ಅಂತ ಇಷ್ಟು ದಿನ ಒಂದೊಂದು ಕಂಪನಿ ಒಂದೊಂದು ಥರ ಲೆಕ್ಕ ಹಾಕ್ತಿತ್ತು, ಇನ್ನು ಅದಕ್ಕೆ ಒಂದೇ ವ್ಯಾಖ್ಯೆ. ವರದಿಯ ಸಾಲಿನ ಹೆಸರು ಹಳೇದೇ ಇರಬಹುದು, ಒಳಗಿನ ಲೆಕ್ಕ ಬೇರೆ ಆಗಿರುತ್ತೆ. ಹೆಸರು ಹೋಲಿಸೋ ಯಾವ ಸ್ಕ್ರಿಪ್ಟಿಗೂ ಇದು ಕಾಣಲ್ಲ, ಆ ಸಾಲಿನ ಕೆಳಗೆ ಏನೇನು ಸೇರಿದೆ ಅಂತ ಯಾರಾದ್ರೂ ಓದಲೇಬೇಕು. ಕಂಪನಿಗಳು ತಾವೇ ಮಾಡ್ಕೊಂಡಿರೋ ಎಕ್ಸ್‌ಟೆನ್ಷನ್ ಟ್ಯಾಗ್‌ಗಳ ಕಥೆ ಬೇರೆ, ಅದಕ್ಕೆ ಇನ್ನೊಂದು ಪೋಸ್ಟೇ ಬೇಕು.

ಆ ಸಂಜೆ ಆದ್ಮೇಲೆ ನಾವು ಟೇಬಲ್‌ಗೆ ಮೂರನೇ ಕಾಲಂ ಸೇರಿಸಿದ್ವಿ, ಸಂಬಂಧ ಯಾವ ಥರದ್ದು ಅಂತ. ನಾಲ್ಕನೇದು 'ಯಾಕೆ' ಅಂತ, ಅದನ್ನ ನೋಡಿದೋರೇ ತಮ್ಮ ಮಾತಲ್ಲಿ ಬರೀಬೇಕು, ಖಾಲಿ ಬಿಟ್ರೆ ಫೈಲ್ ಮುಂದೆ ಹೋಗಲ್ಲ. ಆ ಕಂಪನಿಯ ಸಾಲಿನ ಮುಂದೆ ಇವತ್ತಿಗೂ ಇದೆ: "ಬಾಡಿಗೆ ಆದಾಯವೂ ಸೇರಿದೆ, ಒಪ್ಪಂದದ ಟ್ಯಾಗ್ ಹಾಕಬೇಡಿ, ಟಿಪ್ಪಣಿ ಓದಿ."