ಪುಂಡುವೇಷಕ್ಕೆ ಐವತ್ತು ದಾಟಿದ ಮೇಲೆ

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು, ಅಂದರೆ ಯಕ್ಷಗಾನ ತಂಡಗಳು, ಗೆಜ್ಜೆ ಬಿಚ್ಚಿದ ಮೇಲೆ, ದೀಪಾವಳಿ ಕಳೆದು ಹೊಸ ತಿರುಗಾಟ ಹೊರಡುವ ತನಕ ಉಡುಪಿ, ಮಂಗಳೂರು ಕಡೆಯ ಯಕ್ಷಗಾನ ಅಭಿಮಾನಿಗಳು ಮುಖ್ಯವಾಗಿ ಮಾತಾಡುವುದು ಒಂದೇ ವಿಷಯ: ಯಾರು ಯಾವ ಮೇಳ ಬಿಟ್ಟರು, ಯಾರು ಯಾವ ಮೇಳ ಸೇರಿದರು. ವಾಟ್ಸಾಪ್ ಗುಂಪುಗಳಲ್ಲಿ ಕಲಾವಿದರ ಪಟ್ಟಿಗಳು ಓಡಾಡುತ್ತವೆ. ಹೊಸ ಹುಡುಗರ ಹೆಸರು ಕಂಡರೆ ಸಂಭ್ರಮಿಸುತ್ತೇವೆ. ಆ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋದ ಹೆಸರುಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನಾನು ಕಂಡ ಮಟ್ಟಿಗೆ ಅವರಲ್ಲಿ ಹಲವರು ಪುಂಡುವೇಷದಲ್ಲಿ ಕುಣಿದೇ ಹೆಸರು ಮಾಡಿದವರು, ಈಗ ಐವತ್ತರ ಆಚೀಚೆ ಇರುವವರು. ಮೊಣಕಾಲು ಸೋತ ಕಲಾವಿದನಿಗೆ ಮೇಳದೊಳಗೇ ಇನ್ನೊಂದಿಷ್ಟು ವರ್ಷಗಳ ದುಡಿಮೆ ಇದೆ, ಅದನ್ನು ಒದಗಿಸುವ ಹೊಣೆ ಮೇಳದ್ದು, ಒದಗಿಸಿ ಎಂದು ಕೇಳುವ ಹೊಣೆ ಆಟ ನೋಡುವ ಮತ್ತು ಆಡಿಸುವ ನಮ್ಮದು ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪುಂಡುವೇಷ ಎಂದರೆ ಅಭಿಮನ್ಯು, ಬಭ್ರುವಾಹನ, ಸುಧನ್ವರಂತಹ ಎಳೆಯ ವೀರರ ವೇಷ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಆ ವೇಷಕ್ಕೆ ಧೀಂಗಿಣ, ಅಂದರೆ ಹಾರಿ ಹಾರಿ ಸುತ್ತುವ ಕುಣಿತ, ಬೇಕು. ಉತ್ತರದ ಶೈಲಿಯಾದ ಬಡಗಿನಲ್ಲಾದರೆ ಮಂಡಿಯೂರಿ ರಂಗಸ್ಥಳದ ಉದ್ದಕ್ಕೂ ಗಿರಕಿ ಹೊಡೆಯಬೇಕು. ಆರು ತಿಂಗಳು ಹೆಚ್ಚುಕಡಿಮೆ ಪ್ರತಿರಾತ್ರಿ, ಇವತ್ತು ಗದ್ದೆಯಲ್ಲಿ, ನಾಳೆ ಶಾಲೆಯ ಮೈದಾನದಲ್ಲಿ, ನಾಡಿದ್ದು ಯಾರದೋ ಮನೆಯಂಗಳದಲ್ಲಿ, ಹಲಗೆಯ ಮೇಲೂ ಸಿಮೆಂಟಿನ ಮೇಲೂ ಹೀಗೆ ಕುಣಿದ ಕಾಲಿಗೆ ನಲವತ್ತೈದರ ಹೊತ್ತಿಗೆ ಏನಾಗಬೇಕೋ ಅದು ಆಗುತ್ತದೆ. ವೇಷ ಕಟ್ಟಿಕೊಳ್ಳುವ ಚೌಕಿಗೆ ಹೋಗಿ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಎಲ್ಲರೂ ತಮ್ಮ ತಮ್ಮ ಪೆಟ್ಟಿಗೆಯ ಮುಂದೆ ನೆಲದಲ್ಲಿ ಚಕ್ಕಳಮಕ್ಕಳ ಕೂತು ಬಣ್ಣ ಹಚ್ಚಿಕೊಳ್ಳುವಾಗ, ಒಬ್ಬರು ಹಿರಿಯರು ಮಾತ್ರ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿರುತ್ತಾರೆ. ಗೆಜ್ಜೆ ಕಟ್ಟುವ ಮೊದಲು ಎರಡೂ ಮೊಣಕಾಲಿಗೆ ಮುಲಾಮು ತಿಕ್ಕಿ, ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ, ಅದರ ತುದಿ ಹೊರಗೆ ಕಾಣದಂತೆ ಒಳಗೆ ಸಿಕ್ಕಿಸಿ, ಮೇಲಿಂದ ಕಸೆ ಉಡುತ್ತಾರೆ. ಹಾಗೆ ಸುತ್ತಿಕೊಳ್ಳುತ್ತಿದ್ದ ಒಬ್ಬರು ನನ್ನೊಡನೆ ಹೇಳಿದ್ದು ಇಷ್ಟು: “ಕುಣಿಯುವಾಗ ಗೊತ್ತೇ ಆಗುವುದಿಲ್ಲ ಮಾರಾಯ್ರೆ, ಬೆಳಿಗ್ಗೆ ಬಸ್ಸಿನ ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ.”

ಇವರಿಗೆ ಮುಂದಿನ ದಾರಿ ಎಲ್ಲಿದೆ ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ಕಟ್ಟಿದ ಮೇಳದ ವ್ಯವಸ್ಥೆಯಲ್ಲೇ ವಯಸ್ಸಿಗೆ ತಕ್ಕ ವೇಷದ ಕ್ರಮ ಇತ್ತು. ಆಟದ ಮೊದಲಿಗೆ ಬರುವ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಹೆಜ್ಜೆ ಹಾಕಲು ಶುರುಮಾಡಿದ ಹುಡುಗ ಪುಂಡುವೇಷಕ್ಕೆ ಬರುತ್ತಿದ್ದ. ಅಲ್ಲಿ ಕಾಲು ಪಳಗಿ ಮಾತು ಬೆಳೆದ ಮೇಲೆ ರಾಜರ ಪಾತ್ರಗಳ ಕಿರೀಟ ವೇಷಕ್ಕೆ ಏರುತ್ತಿದ್ದ. ಶರೀರ, ಶಾರೀರ ಒಪ್ಪಿದರೆ ರಾಕ್ಷಸ ಪಾತ್ರಗಳ ಬಣ್ಣದ ವೇಷದ ಕಡೆಗೂ ಹೋಗಬಹುದಿತ್ತು. ಒಂದೇ ಪ್ರಸಂಗದೊಳಗೂ ಈ ಕ್ರಮ ಕಾಣುತ್ತದೆ. ಬಭ್ರುವಾಹನ ಕಾಳಗದಲ್ಲಿ ಇಪ್ಪತ್ತೈದರಲ್ಲಿ ಬಭ್ರುವಾಹನ ಮಾಡಿದವನು ಐವತ್ತರಲ್ಲಿ ಅದೇ ರಂಗದಲ್ಲಿ ಎದುರು ನಿಂತು ಅರ್ಜುನ ಮಾಡಬಹುದು; ಅಭಿಮನ್ಯು ಮಾಡಿದವನಿಗೆ ದ್ರೋಣ ಇದ್ದಾನೆ, ಸುಧನ್ವ ಮಾಡಿದವನಿಗೆ ಹಂಸಧ್ವಜ ಇದ್ದಾನೆ. ಭೀಷ್ಮ, ದಶರಥ, ವಿದುರ, ಜಾಂಬವಂತ ಇವರನ್ನೆಲ್ಲ ಇಪ್ಪತ್ತೆರಡರ ಹುಡುಗ ಗಡ್ಡ ಅಂಟಿಸಿಕೊಂಡು ಮಾಡುವುದನ್ನು ನೋಡುವಾಗ ನನಗಂತೂ ಸಂಕಟವಾಗುತ್ತದೆ. ಶರಶಯ್ಯೆಯ ಭೀಷ್ಮನ ಮಾತಿಗೆ ಬೇಕಾದ ತೂಕವನ್ನು ಧೀಂಗಿಣದಿಂದ ತುಂಬಲಾಗದು.

ಈ ಕ್ರಮ ಸಡಿಲಗೊಳ್ಳಲು ಕಾರಣಗಳಿವೆ. ಮೊದಲನೆಯದು ಕಾಲಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ನಿರ್ಬಂಧ ಇರುವುದರಿಂದಲೂ, ನಿದ್ದೆಗೆಟ್ಟು ಆಟ ನೋಡುವವರು ಕಡಿಮೆಯಾದುದರಿಂದಲೂ ಹಲವು ಮೇಳಗಳು ಸಂಜೆ ಶುರುಮಾಡಿ ನಡುರಾತ್ರಿಯೊಳಗೆ ಮುಗಿಸುವ ಆಟಕ್ಕೆ ಹೊರಳಿದವು. ಕಾಲಮಿತಿಯನ್ನು ನಾನು ವಿರೋಧಿಸುವವನಲ್ಲ. ಬೆಳಗಿನ ತನಕ ಎಚ್ಚರ ಇರಬೇಕಾಗಿಲ್ಲ ಎಂಬುದೇ ವಯಸ್ಸಾದ ದೇಹಕ್ಕೆ ದೊಡ್ಡ ಉಪಕಾರ. ಆದರೆ ಸಮಯ ಕಡಿತ ಮಾಡುವಾಗ ಮೊದಲು ಕತ್ತರಿ ಬಿದ್ದದ್ದು ಕಥೆಗೆ ಮುಂಚಿನ ಪೂರ್ವರಂಗಕ್ಕೆ, ಪಾತ್ರಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗಕ್ಕೆ, ನಿಧಾನದ ಸಂಭಾಷಣೆಗೆ, ಅಂದರೆ ಹಿರಿಯ ವೇಷಧಾರಿ ತನ್ನ ಅನುಭವ ತೋರಿಸಬಹುದಾಗಿದ್ದ ಜಾಗಗಳಿಗೆ. ಅಬ್ಬರದ ಕುಣಿತ ಹಾಗೆಯೇ ಉಳಿಯಿತು, ಕೆಲವೆಡೆ ಬೆಳೆಯಿತು ಕೂಡ. ಜೊತೆಗೆ ಮೊಬೈಲ್ ಬಂತು. ಮೂವತ್ತು ಸೆಕೆಂಡಿನ ತುಣುಕಿನಲ್ಲಿ ಧೀಂಗಿಣ ಹಿಡಿಯುತ್ತದೆ, ಕಣ್ಣಿನ ಅಭಿನಯ ಹಿಡಿಯುವುದಿಲ್ಲ. ಎಷ್ಟು ಸುತ್ತು ಹಾಕಿದ ಎಂದು ಎಣಿಸಿ ಶಿಳ್ಳೆ ಹೊಡೆಯುವ ಪ್ರೇಕ್ಷಕರು, ಅದೇ ಕುಣಿತ ಆ ಹುಡುಗನ ಮೊಣಕಾಲನ್ನು ಸವೆಸುತ್ತಿದೆ ಎಂಬುದನ್ನು ಒಮ್ಮೆಯಾದರೂ ಯೋಚಿಸಬೇಕು.

ಹೀಗೆ ಬರೆದಾಗಲೆಲ್ಲ ಬರುವ ಉತ್ತರ ಒಂದೇ: “ಚಿಟ್ಟಾಣಿಯವರು ಎಂಬತ್ತರಲ್ಲೂ ಕುಣಿಯಲಿಲ್ಲವೇ?” ಕುಣಿದರು. 1933ರಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಭಸ್ಮಾಸುರ, ಕೀಚಕರನ್ನು ಇಳಿವಯಸ್ಸಿನಲ್ಲೂ ಬೆಳಗಿಸಿದರು. ಅದೇ 1933ರಲ್ಲಿ ಹುಟ್ಟಿದ ಅಮೆರಿಕದ ಚಿಟಾ ರಿವೇರಾ ಎಂಬ ನರ್ತಕಿ ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳ ತಾರೆಯಾಗಿದ್ದವರು. 1986ರ ವಾಹನ ಅಪಘಾತದಲ್ಲಿ ಕಾಲು ನುಚ್ಚುನೂರಾದರೂ ಮತ್ತೆ ರಂಗಕ್ಕೆ ಬಂದು, 1993ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಅಲ್ಲಿನ ಅತಿ ದೊಡ್ಡ ರಂಗಪ್ರಶಸ್ತಿಯಾದ ಟೋನಿ ಪಡೆದರು. ಇಂಥವರು ಎಲ್ಲ ದೇಶದಲ್ಲೂ ಒಬ್ಬಿಬ್ಬರು ಇರುತ್ತಾರೆ. ಅಲ್ಲಿಯವರು ರಿವೇರಾ ಅವರನ್ನು ತೋರಿಸಿ ಉಳಿದ ನರ್ತಕರ ಬಾಯಿ ಮುಚ್ಚಿಸಲಿಲ್ಲ. ವಾರಕ್ಕೆ ಎಂಟು ಪ್ರದರ್ಶನ ಕೊಡುವ ಆ ಕಲಾವಿದರಿಗೆ 1913ರಿಂದ ಒಂದು ಕಾರ್ಮಿಕ ಸಂಘ ಇದೆ. ಅದರ ಒಪ್ಪಂದದ ಪ್ರಕಾರ ನಿರ್ಮಾಪಕರು ಪಿಂಚಣಿ ನಿಧಿಗೆ ಹಣ ಕಟ್ಟುತ್ತಾರೆ. ಕುಣಿತ ಬಿಡಬೇಕಾಗಿ ಬಂದ ನರ್ತಕರಿಗೆ ಬೇರೆ ವಿದ್ಯೆ, ಬೇರೆ ಉದ್ಯೋಗ ಹುಡುಕಿಕೊಳ್ಳಲು ನೆರವಾಗುವ ಸಂಸ್ಥೆಯೊಂದು 1985ರಲ್ಲೇ ಶುರುವಾಗಿದೆ. ಚಿಟ್ಟಾಣಿಯವರ ಹೆಸರು ಹೇಳುವವರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅವರ ಕೊನೆಕೊನೆಯ ವರ್ಷಗಳಲ್ಲಿ ಜನ ನೋಡಲು ಬಂದದ್ದು ಇಪ್ಪತ್ತರ ಹುಡುಗನ ಜಿಗಿತವನ್ನಲ್ಲ, ಕೀಚಕನ ಮುಖದಲ್ಲಿ ಬದಲಾಗುತ್ತಿದ್ದ ಭಾವವನ್ನು.

ರಂಗದಲ್ಲೇ ಪ್ರಾಣ ಬಿಟ್ಟವರನ್ನು ಪುಣ್ಯವಂತರು ಎನ್ನುವ ಮಾತೂ ನಮ್ಮಲ್ಲಿ ಬಹಳ ಸಲೀಸಾಗಿ ಬರುತ್ತದೆ. 2009ರಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಹೃದಯಾಘಾತಕ್ಕೆ ಒಳಗಾಗಿ ತೀರಿಕೊಂಡ ಕೆರೆಮನೆ ಶಂಭು ಹೆಗಡೆಯವರ ಬಗ್ಗೆ ಆ ಮಾತು ಆಡುವಾಗ ಗೌರವವೇ ಇರುತ್ತದೆ, ನಿಜ. ಆದರೆ ಆಯ್ಕೆಯೇ ಇಲ್ಲದೆ, ಮಗಳ ಕಾಲೇಜು ಫೀಸಿಗಾಗಿ ರಕ್ತದೊತ್ತಡದ ಮಾತ್ರೆ ನುಂಗಿ ರಂಗಕ್ಕೆ ಹೋಗುವ ಸಾಮಾನ್ಯ ಕಲಾವಿದನ ಮಟ್ಟಿಗೆ ಅದು ಪುಣ್ಯವಲ್ಲ.

ತಾಳಮದ್ದಳೆಗೆ ಹೋಗಲಿ ಎನ್ನುವವರೂ ಇದ್ದಾರೆ. ವೇಷವಿಲ್ಲ, ಕುಣಿತವಿಲ್ಲ, ಕೂತು ಅರ್ಥ, ಅಂದರೆ ಪಾತ್ರದ ಮಾತು, ಹೇಳಿದರಾಯಿತು. ಶೇಣಿ ಗೋಪಾಲಕೃಷ್ಣ ಭಟ್ಟರು ಇಳಿವಯಸ್ಸಿನಲ್ಲೂ ಆ ಕೂಟಗಳ ಅರಸರಾಗಿ ಮೆರೆದರು, ಕುಂಬ್ಳೆ ಸುಂದರ ರಾಯರು ಮೇಳದಿಂದ ಬಂದು ಅಲ್ಲಿಯೂ ಬೆಳಗಿದರು. ಆದರೆ ಅವರಿಬ್ಬರೂ ಮಾತಿನಿಂದಲೇ ಹೆಸರಾದವರು. ಕಾಲೇ ಬಂಡವಾಳವಾಗಿದ್ದವನಿಗೆ ಐವತ್ತರಲ್ಲಿ ಹಠಾತ್ತನೆ ಪುರಾಣಜ್ಞಾನವೂ ವಾದದ ಚುರುಕೂ ಎಲ್ಲಿಂದ ಬರಬೇಕು? ಪುಂಡುವೇಷ ಮಾಡುವ ಕಾಲದಲ್ಲೇ ಓದಿ, ಕೇಳಿ, ಮಳೆಗಾಲದ ಕೂಟಗಳಲ್ಲಿ ಸಣ್ಣಪುಟ್ಟ ಅರ್ಥ ಹೇಳಿ ತಯಾರಾದವರಿಗೆ ಮಾತ್ರ ಅದು ದಾರಿ. ಇಲ್ಲಿ ಕಲಾವಿದರ ತಪ್ಪೂ ಇಲ್ಲದಿಲ್ಲ. ಚಪ್ಪಾಳೆ ಸಿಗುವಷ್ಟು ದಿನ ಧೀಂಗಿಣ ನೆಚ್ಚಿಕೊಂಡು, ಕಿರೀಟ ವೇಷಕ್ಕೆ ಏರುವ ಅವಕಾಶ ಬಂದಾಗ ಅಭಿಮನ್ಯುವನ್ನು ಬಿಟ್ಟುಕೊಡಲು ಒಪ್ಪದೆ ಕೂತವರನ್ನು ನಾನು ಬಲ್ಲೆ.

ಕಲಿಸುವುದು ಇನ್ನೊಂದು ದಾರಿ, ಬಹುಶಃ ಹೆಚ್ಚು ಜನರಿಗೆ ಒದಗುವ ದಾರಿ. ಉಡುಪಿಯ ಇಂದ್ರಾಳಿಯ ಯಕ್ಷಗಾನ ಕೇಂದ್ರದಲ್ಲಿ ಗುರು ವೀರಭದ್ರ ನಾಯಕರು, ಬನ್ನಂಜೆ ಸಂಜೀವ ಸುವರ್ಣರು ತಯಾರು ಮಾಡಿದ ಶಿಷ್ಯರನ್ನು ನೋಡಿದರೆ ಗುರುವಿನ ಕೆಲಸ ರಂಗದ ಕೆಲಸಕ್ಕಿಂತ ಕಡಿಮೆಯದಲ್ಲ ಎಂಬುದು ತಿಳಿಯುತ್ತದೆ. ಈಗ ಯಕ್ಷಶಿಕ್ಷಣ ಟ್ರಸ್ಟಿನಂಥವರ ಪ್ರಯತ್ನದಿಂದ ಉಡುಪಿಯ ಅನೇಕ ಪ್ರೌಢಶಾಲೆಗಳಲ್ಲಿ ಮಕ್ಕಳು ಹೆಜ್ಜೆ ಕಲಿಯುತ್ತಿದ್ದಾರೆ. ಕಲಾವಿದರಿಗೆ ನೆರವಾಗುವ ಪಟ್ಲ ಫೌಂಡೇಶನ್ ಕೂಡ ಶಾಲೆಗಳಲ್ಲಿ ಉಚಿತವಾಗಿ ಕಲಿಸುವ ಕೆಲಸಕ್ಕೆ ಇಳಿದಿದೆ. ತೊಡಕು ಎಲ್ಲಿ ಎಂದರೆ, ಮಳೆಗಾಲದಲ್ಲಿ ಶುರುವಾದ ತರಗತಿ ಪ್ರದರ್ಶನದ ಹಂತಕ್ಕೆ ಬರುವ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ಹಾಗಾಗಿ ಮೇಳದ ಕಲಾವಿದ ಅರ್ಧಕ್ಕೇ ಬಿಡಬೇಕಾಗುತ್ತದೆ, ಇಲ್ಲವೇ ಶಾಲೆಯವರು ಮೊದಲೇ ಹವ್ಯಾಸಿಗಳನ್ನು ಹುಡುಕುತ್ತಾರೆ. ಐವತ್ತು ದಾಟಿದ ಕಲಾವಿದನಿಗೆ ವಾರದಲ್ಲಿ ಎರಡು ದಿನ ಆಟದಿಂದ ಬಿಡುವು ಕೊಟ್ಟು, ಆ ದಿನಗಳ ಸಂಬಳ ಕಡಿಯದೆ ಇದ್ದರೆ ಮೇಳ ಮುಳುಗುವುದಿಲ್ಲ. ಆ ಶಾಲೆಗಳಿಂದಲೇ ನಾಳೆ ಮೇಳಕ್ಕೆ ಕಲಾವಿದರು ಬರಬೇಕು. ಚೆನ್ನಾಗಿ ಕುಣಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಎಂಬ ಭ್ರಮೆ ನನಗಿಲ್ಲ. ತಾಳ ತಪ್ಪಿದ ಹನ್ನೆರಡರ ಹುಡುಗಿಗೆ ಗದರಿಸದೆ ತಿದ್ದಿ ಹೇಳುವುದು ಬೇರೆಯೇ ವಿದ್ಯೆ. ಅದಕ್ಕೂ ಸಣ್ಣ ತರಬೇತಿ ಬೇಕು.

ಇನ್ನು ಹಣದ ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ 58 ವರ್ಷ ತುಂಬಿರಬೇಕು. ಕಾಲು ಕೈಕೊಡುವುದು ನಲವತ್ತೈದಕ್ಕೆ. ನಡುವಿನ ಹದಿಮೂರು ವರ್ಷ ಮಕ್ಕಳ ಓದು, ಮದುವೆ, ಮನೆ ಸಾಲ ಎಲ್ಲವೂ ಒಟ್ಟಿಗೆ ಬರುವ ಕಾಲ. ಆ ಕಾಲಕ್ಕೇ ಯಾವ ಆಸರೆಯೂ ಇಲ್ಲ. 1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗ ಮತ್ತು 2015ರಲ್ಲಿ ಹುಟ್ಟಿದ ಪಟ್ಲ ಫೌಂಡೇಶನ್ ಮನೆ ಕಟ್ಟಿಸಿಕೊಟ್ಟು, ಚಿಕಿತ್ಸೆಗೆ ನೆರವಾಗಿ, ವಿಮೆ ಮಾಡಿಸಿ ಮಾಡಿದ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ದಾನಿಗಳ ಔದಾರ್ಯ ಮೇಳದ ಯಜಮಾನರ ಹೊಣೆಗೆ ಬದಲಿಯಾಗಬಾರದು. ಈಗ ಇಪ್ಪತ್ತು, ಮೂವತ್ತರಲ್ಲಿರುವ ಹುಡುಗರಿಗೆ ಒಂದು ಮಾತು: ಅಸಂಘಟಿತ ಕಾರ್ಮಿಕರಿಗಾಗಿ 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆಗೆ 18ರಿಂದ 40 ವರ್ಷದೊಳಗೆ, ತಿಂಗಳ ಆದಾಯ 15,000 ರೂಪಾಯಿ ಮೀರದವರು ಸೇರಬಹುದು, 29ರಲ್ಲಿ ಸೇರಿದವನು ತಿಂಗಳಿಗೆ 100 ರೂಪಾಯಿ ಕಟ್ಟಿದರೆ ಸರಕಾರವೂ ಅಷ್ಟೇ ಹಾಕುತ್ತದೆ, ಅರವತ್ತಾದ ಮೇಲೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ. ಮೊತ್ತ ದೊಡ್ಡದಲ್ಲ. ಆದರೆ ನಲವತ್ತು ದಾಟಿದರೆ ಆ ಬಾಗಿಲೂ ಮುಚ್ಚುತ್ತದೆ, ಮತ್ತು ಚೌಕಿಯಲ್ಲಿ ಇದನ್ನು ಹೇಳಿಕೊಡುವವರು ಯಾರೂ ಇಲ್ಲ. ಸಂಬಳದ ದಿನ ಮೇಳದ ಮೆನೇಜರರೇ ಆ ಅರ್ಜಿ ತುಂಬಿಸಬಹುದು.

ಸನ್ಮಾನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಲು, ಹಣ್ಣಿನ ಬುಟ್ಟಿ, ಪೇಟ, ಫ್ರೇಮು ಹಾಕಿದ ಮಾನಪತ್ರ ಇವುಗಳಿಗೆ ಆಗುವ ಖರ್ಚನ್ನು ನೇರ ಕೈಗೆ ಕೊಟ್ಟರೆ ಒಂದು ತಿಂಗಳ ಔಷಧಿಯಾದರೂ ಬರುತ್ತದೆ.

ಯಜಮಾನರ ಕಷ್ಟ ನನಗೆ ಅರ್ಥವಾಗದ್ದಲ್ಲ. ಟಿಕೆಟ್ ಮಾರಿ ಆಟ ಆಡಿಸುವ ಡೇರೆ ಮೇಳದವರು ಪ್ರೇಕ್ಷಕರ ರುಚಿ ನೋಡದೆ ಬದುಕಲಾರರು; ಮಳೆ ಬಂದರೆ, ಪರೀಕ್ಷೆ ಬಂದರೆ ಕಲೆಕ್ಷನ್ ಕುಸಿಯುತ್ತದೆ. ಆದರೆ ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಹರಕೆ ಮೇಳಗಳಿಗೆ ಆ ಹೆದರಿಕೆ ಇಲ್ಲ. ಅಲ್ಲಿ ಆಟ ದೇವರ ಸೇವೆ. ಭಕ್ತರು ವರ್ಷಗಳ ಮೊದಲೇ ಹೆಸರು ಬರೆಸಿ ಸರದಿ ಕಾಯುತ್ತಾರೆ. ರಂಗದಲ್ಲಿ ಯಾರು ಎಷ್ಟು ಸುತ್ತು ಹಾಕಿದರು ಎಂಬುದನ್ನು ನೋಡಿ ಸೇವೆ ಹಿಂದೆಗೆದುಕೊಂಡವರನ್ನು ನಾನು ಕಂಡಿಲ್ಲ. ಹಾಗಿರುವಾಗ ಹಿರಿಯ ಕಲಾವಿದರಿಗೆ ತಕ್ಕ ಪಾತ್ರ ಕಾದಿರಿಸಲು, ಪೂರ್ವರಂಗಕ್ಕೆ ಒಂದಿಷ್ಟು ಸಮಯ ಉಳಿಸಿ ಹೊಸಬರನ್ನು ಅವರ ಕೈಕೆಳಗೆ ತಯಾರು ಮಾಡಿಸಲು, ಸಂಬಳದ ಒಂದು ಪಾಲನ್ನು ನಿಧಿಗೆ ಹಾಕಲು ಹರಕೆ ಮೇಳಗಳೇ ಮೊದಲು ಮುಂದಾಗಬೇಕು.

ಸೇವಾಕರ್ತರಿಗೂ ಇದರಲ್ಲಿ ಪಾಲಿದೆ. ಆಟ ಆಡಿಸುವ ಮನೆಯವರು ಮೇಳದವರ ಹತ್ತಿರ ಪ್ರಸಂಗದ ಮಾತಾಡುತ್ತಾರೆ, ಊಟಕ್ಕೆ ಎಷ್ಟು ಜನ ಎಂದು ವಿಚಾರಿಸುತ್ತಾರೆ, ಇಂಥ ಹೊಸ ಹುಡುಗನ ವೇಷ ಇರಲಿ ಎಂದು ಕೇಳಿಕೊಳ್ಳುವುದೂ ಉಂಟು. ಈ ಸಲದ ತಿರುಗಾಟದಲ್ಲಿ ನಿಮ್ಮ ಮನೆಯ ಆಟ ಇದ್ದರೆ, ಮೇಳದ ಸಂಚಾಲಕರಿಗೆ ಫೋನ್ ಮಾಡಿ ಒಬ್ಬ ಹಿರಿಯರ ಹೆಸರು ಹೇಳಿ, ಅವರಿಗೊಂದು ಒಳ್ಳೆಯ ಪಾತ್ರ ಕೊಟ್ಟು, ಮಾತಿಗೆ ಬೇಕಾದಷ್ಟು ಸಮಯ ಬಿಡಬೇಕು ಎಂದು ಕೇಳಿ. ಚೌಕಿಗೆ ನಾಲ್ಕು ಕುರ್ಚಿ ಹೆಚ್ಚಿಗೆ ಹಾಕಿಸಿ.