ಹುಟ್ಟಿದ ದಿನವೇ ಕೂಸಿಗೆ ಎರೆಯುವ ಅವಸರವೇಕೆ?

ನಮ್ಮ ಬಾಗಲಕೋಟೆ ಕಡೆ ಈಗ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ಕೂಸಿನ ಮೈ ತೊಳೆಯುವ ಆತುರ ಮಾತ್ರ ಕಡಿಮೆಯಾಗಿಲ್ಲ. ಹುಟ್ಟುವಾಗ ಮೈಮೇಲೆ ಬೆಣ್ಣೆ ಸವರಿದಂತೆ ಇರುವ ಬಿಳಿ ಲೇಪವನ್ನು ಹೊಲಸೆಂದು ತಿಳಿದು, ತಿಕ್ಕಿ ತೆಗೆದ ಮೇಲೆಯೇ ಹಿರಿಯರಿಗೆ ಸಮಾಧಾನ. ನಾನೀಗ ನೆಲೆಸಿರುವ ಇಂಗ್ಲೆಂಡಿನಲ್ಲಿ ಮಗಳು ಹುಟ್ಟಿದಾಗ ಸೂಲಗಿತ್ತಿ ಒಣ ಟವೆಲಿನಿಂದ ಮೈ ಒರೆಸಿ, ಕೂಸನ್ನು ಬರಿಮೈಯಲ್ಲೇ ತಾಯಿಯ ಎದೆಯ ಮೇಲೆ ಮಲಗಿಸಿದಳು. ಕಂಕುಳ, ತೊಡೆಸಂದಿಗಳಲ್ಲಿ ಉಳಿದ ಲೇಪವನ್ನು ಯಾರೂ ಮುಟ್ಟಲಿಲ್ಲ. ಅದು ತಾನಾಗಿ ಇಂಗಿಹೋಯಿತು.

ಈ ಒಂದು ವಿಷಯದಲ್ಲಿ ಅವರ ರೀತಿಯೇ ಸರಿ ಎಂದು ನನಗೆ ಖಚಿತವಾಗಿದೆ. ಆ ಲೇಪದಲ್ಲಿ ಶೇಕಡಾ 80ರಷ್ಟು ನೀರು, ಉಳಿದದ್ದು ಕೊಬ್ಬು ಮತ್ತು ಪ್ರೋಟೀನು. ರೋಗಾಣುಗಳನ್ನು ತಡೆಯುವ ಅಂಶಗಳೂ ಅದರಲ್ಲಿವೆ. ತಿಂಗಳುಗಟ್ಟಲೆ ಗರ್ಭದ ನೀರಿನಲ್ಲಿದ್ದ ಚರ್ಮ ಒಮ್ಮೆಲೇ ಒಣ ಗಾಳಿಗೆ ಬಂದಿರುತ್ತದೆ. ಅದರ ಮೇಲ್ಪದರ ದೊಡ್ಡವರದಕ್ಕಿಂತ ತೆಳು. ಹುಟ್ಟಿದಾಗ ಚರ್ಮದ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7ರ ಹತ್ತಿರ ಇರುತ್ತದೆ. ಮುಂದಿನ ದಿನಗಳಲ್ಲಿ, ವಾರಗಳಲ್ಲಿ ಅದು 5ರ ಆಸುಪಾಸಿಗೆ ಇಳಿದು ತುಸು ಹುಳಿಯ ಗುಣ ಪಡೆಯುತ್ತದೆ. ಆ ಹುಳಿಯಿಂದಲೇ ಮೇಲ್ಪದರ ಬಿಗಿಯಾಗುತ್ತದೆ, ರೋಗಾಣುಗಳಿಗೆ ನೆಲೆ ಸಿಗುವುದಿಲ್ಲ. ಕ್ಷಾರವಾದ ಸಾಬೂನು ಈ ಕೆಲಸಕ್ಕೇ ಅಡ್ಡ ಬರುತ್ತದೆ. ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟರೊಳಗೆ ಎರೆದರೆ ಕೂಸಿನ ಮೈ ತಣ್ಣಗಾಗುವ ಅಪಾಯವೂ ಇದೆ.

ನನಗೆ ಹೆಚ್ಚು ಸಂಕಟವಾಗುವುದು ಕಡಲೆಹಿಟ್ಟಿನ ತಿಕ್ಕಾಟ ಕಂಡಾಗ. ತಂಗಿಯ ಕೂಸನ್ನು ಕಾಲಮೇಲೆ ಬೋರಲು ಹಾಕಿಕೊಂಡು, ಬೆನ್ನಿನ ನವಿರುಗೂದಲು ಹೋಗಲೆಂದು ಹಿಟ್ಟು ಉಜ್ಜುತ್ತಿದ್ದರು. ಭುಜದ ಮೇಲೆ ಕೆಂಪು ಗೆರೆಗಳು ಮೂಡಿದ್ದವು. ಆ ಕೂದಲು ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಸುಡುಸುಡು ನೀರು, ಆಮೇಲೆ ಮುಖಕ್ಕೆ ಹಿಡಿಯುವ ಲೋಬಾನದ ಹೊಗೆ, ಎರಡನ್ನೂ ಇಂದೇ ಬಿಡಬಹುದು.

ಎಣ್ಣೆಯ ಮಾತು ಅಷ್ಟು ಸಲೀಸಲ್ಲ. ಮ್ಯಾಂಚೆಸ್ಟರಿನಲ್ಲಿ 115 ನವಜಾತ ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆ ಹಚ್ಚಿದ ಮಕ್ಕಳ ಚರ್ಮದಲ್ಲಿ ತೇವ ಹೆಚ್ಚಿತ್ತು, ಆದರೆ ಚರ್ಮಕ್ಕೆ ತಡೆಗೋಡೆಯಾಗುವ ಕೊಬ್ಬಿನ ಪದರಗಳ ಜೋಡಣೆ ಎಣ್ಣೆ ಹಚ್ಚದವರಷ್ಟು ಪಕ್ವವಾಗಿರಲಿಲ್ಲ. ಇತ್ತ ಢಾಕಾದಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಸೋಂಕು ತಗ್ಗಿತು. ಹೀಗಾಗಿ ದಿನ ತುಂಬಿದ ಕೂಸಿಗೆ ಮೊದಲ ವಾರಗಳಲ್ಲಿ ಎಣ್ಣೆ ಕಡ್ಡಾಯವಲ್ಲ. ದಿನ ತುಂಬದ ಕೂಸಿನದು ವೈದ್ಯರ ತೀರ್ಮಾನ ಎಂಬುದು ನನ್ನ ನಿಲುವು.

ನಮ್ಮ ಬಾಣಂತನ ಇಲ್ಲಿಯವರಿಗೆ ಇಲ್ಲ. ತವರಿನಲ್ಲಿ ತಾಯಿಗೆ ಸಿಗುವ ಬಿಸಿ ಊಟ, ರಾತ್ರಿ ಕೂಸನ್ನು ಎತ್ತಿಕೊಳ್ಳುವ ಹತ್ತು ಕೈಗಳು, ತಲೆಗೆ ಗುಳೇದಗುಡ್ಡ ಖಣದ ಕುಲಾವಿ, ಇವೆಲ್ಲ ಹಾಗೆಯೇ ಇರಲಿ. ಬಿಡಬೇಕಾದದ್ದು ಮೊದಲ ದಿನದ ನೀರು, ಹಿಟ್ಟು ಮತ್ತು ಹೊಗೆ. ಮಗಳನ್ನು ಹೆರಿಗೆಗೆ ಕರೆತಂದಿರುವ ತಾಯಂದಿರು ಎರೆಯಲು ಬರುವ ಅಜ್ಜಿಯ ಜೊತೆ ಇದನ್ನು ದಿನ ತುಂಬುವ ಮುಂಚೆಯೇ ಮಾತಾಡಿಕೊಳ್ಳಲಿ. ಕೂಸು ಹುಟ್ಟಿದ ಮೇಲೆ, ಹಂಡೆಯ ನೀರು ಕಾದು ನಿಂತಾಗ ಬೇಡವೆಂದರೆ ಹಿರಿಯರ ಮನಸ್ಸು ನೋಯುತ್ತದೆ.